ಕುಲಾಂತರಿ ಮರ: ಎಲ್ಲಿ ಸರಿ, ಎಲ್ಲಿ ಅವಸರ

ಪ್ರಶ್ನೆ: ನಮ್ಮದು ಸುಳ್ಯ ತಾಲ್ಲೂಕಿನಲ್ಲಿ ಅಡಿಕೆ ತೋಟ. ಹಳದಿ ಎಲೆ ರೋಗ ಬಂದು ಫಸಲು ಕಾಲುಭಾಗಕ್ಕೆ ಇಳಿದಿದೆ. ಅಮೆರಿಕದಲ್ಲಿ ಅಳಿದೇ ಹೋಗಿದ್ದ ಒಂದು ಕಾಡುಮರವನ್ನು ಗೋಧಿಯ ಜೀನ್ ಸೇರಿಸಿ ಬದುಕಿಸಿದ್ದಾರೆ ಎಂದು ಓದಿದೆ. ಅಡಿಕೆಗೂ ಹಾಗೆ ಮಾಡಬಾರದೇಕೆ? ಊರಿನಲ್ಲಿ ಕೆಲವರು ಕುಲಾಂತರಿ ಎಂದರೆ ವಿಷ ಎನ್ನುತ್ತಾರೆ. ಇನ್ನು ಕೆಲವರು ಬೇಗ ಬೆಳೆಯುವ ಕುಲಾಂತರಿ ಮರ ಬರಲಿದೆ, ಗುಡ್ಡದಲ್ಲಿ ನೆಟ್ಟರೆ ಗಾಳಿಯ ಇಂಗಾಲ ಹೀರಿಕೊಂಡದ್ದಕ್ಕೆ ದುಡ್ಡೂ ಬರುತ್ತದೆ ಎನ್ನುತ್ತಾರೆ. ಯಾವುದನ್ನು ನಂಬುವುದು?

ಉತ್ತರ: ಮೊದಲು ನೇರ ಮಾತು. ರೈತರು ನೆಡಬಹುದು ಎಂದು ನಮ್ಮ ದೇಶದಲ್ಲಿ ಅನುಮತಿ ಸಿಕ್ಕಿರುವ ಕುಲಾಂತರಿ ಮರ ಇವತ್ತಿಗೆ ಒಂದೂ ಇಲ್ಲ. ವಾಣಿಜ್ಯವಾಗಿ ಬೆಳೆಯುತ್ತಿರುವ ಕುಲಾಂತರಿ ಬೆಳೆ ಎಂದರೆ ಬಿಟಿ ಹತ್ತಿ ಮಾತ್ರ. ಅಡಿಕೆಯಲ್ಲಂತೂ ಅಂಥ ತಳಿಯೇ ತಯಾರಾಗಿಲ್ಲ. ಯಾರಾದರೂ ಕುಲಾಂತರಿ ಸಸಿ ಎಂದು ಮಾರಲು ಬಂದರೆ ಅವರು ಸುಳ್ಳು ಹೇಳುತ್ತಿದ್ದಾರೆ, ಇಲ್ಲವೇ ಕಾನೂನು ಮೀರುತ್ತಿದ್ದಾರೆ. ಎರಡರಲ್ಲೂ ದುಡ್ಡು ಕೊಡಬೇಡಿ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸುತ್ತೇನೆ. ಟಿಶ್ಯೂ ಕಲ್ಚರ್ ಸಾಗುವಾನಿ, ಟಿಶ್ಯೂ ಕಲ್ಚರ್ ಬಾಳೆ, ಕಾರ್ಖಾನೆಗಳು ಕೊಡುವ ಕ್ಲೋನ್ ನೀಲಗಿರಿ, ಅಡಿಕೆಯ ಕುಬ್ಜ ಸಂಕರ ತಳಿ, ಕಸಿ ಮಾಡಿದ ಮಾವು ಇವು ಯಾವುವೂ ಕುಲಾಂತರಿಯಲ್ಲ. ಟಿಶ್ಯೂ ಕಲ್ಚರ್‌ನಲ್ಲಿ ಒಂದೇ ಗಿಡದ ಚೂರಿನಿಂದ ಅದರಂಥದ್ದೇ ಸಾವಿರಾರು ಗಿಡ ಮಾಡುತ್ತಾರೆ. ಸಂಕರದಲ್ಲಿ ಒಂದು ತಳಿಯ ಗಂಡುಹೂವಿನ ಪರಾಗವನ್ನು ಇನ್ನೊಂದು ತಳಿಯ ಹೆಣ್ಣುಹೂವಿಗೆ ಮುಟ್ಟಿಸುತ್ತಾರೆ. ಕುಲಾಂತರಿಯಲ್ಲಿ ಪ್ರಯೋಗಾಲಯದಲ್ಲಿ ಜೀವಕೋಶದ ಒಳಕ್ಕೆ ಒಂದು ಜೀನನ್ನು, ಅಂದರೆ ಗುಣ ಹೊತ್ತ ವಂಶವಾಹಿಯನ್ನು ಸೇರಿಸಿ, ಆ ಕೋಶದಿಂದ ಇಡೀ ಗಿಡ ಎಬ್ಬಿಸುತ್ತಾರೆ. ಜೀನ್ ಬೇರೆ ಜಾತಿಯ ಗಿಡದಿಂದ ಬಂದಿರಬಹುದು, ಬ್ಯಾಕ್ಟೀರಿಯಾದಿಂದ ಬಂದಿರಬಹುದು, ಅದೇ ಮರದ್ದೂ ಆಗಿರಬಹುದು.

ವಿಷ ಎನ್ನುವವರ ಮಾತಿಗೆ ಹೆಚ್ಚು ಹೊತ್ತು ಬೇಡ. ಜೀನ್ ಸೇರಿದ ಮಾತ್ರಕ್ಕೆ ಮರ ವಿಷವಾಗುವುದಿಲ್ಲ. ಯಾವ ಜೀನ್, ಅದು ಏನನ್ನು ತಯಾರಿಸುತ್ತದೆ ಎಂದು ಒಂದೊಂದನ್ನೂ ಪರೀಕ್ಷಿಸಿಯೇ ಹೇಳಬೇಕು. ಹಾಗೆಯೇ ಎಲ್ಲ ಕುಲಾಂತರಿ ಮರಗಳಿಗೂ ಸೇರಿ ಒಳ್ಳೆಯದು ಎಂದೋ ಕೆಟ್ಟದ್ದು ಎಂದೋ ಒಂದೇ ತೀರ್ಪು ಕೊಡುವುದೂ ಸಾಧ್ಯವಿಲ್ಲ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮೇಲೆ ನಿಲ್ಲುವ ಪ್ರಶ್ನೆ ಕಾಲದ್ದು. ಭತ್ತ, ಹತ್ತಿಯಲ್ಲಿ ತಪ್ಪಾದರೆ ಮುಂದಿನ ಮಳೆಗಾಲಕ್ಕೆ ಬೀಜ ಬದಲಿಸುತ್ತೀರಿ. ಮರ ಹಾಗಲ್ಲ. ನಾವು ಹತ್ತು ವರ್ಷ ಪರೀಕ್ಷೆ ಮಾಡಿ ನೆಟ್ಟದ್ದು ನೂರು ವರ್ಷ ನಿಲ್ಲುತ್ತದೆ, ಅಷ್ಟೂ ಕಾಲ ಹೂ ಬಿಡುತ್ತದೆ. ಪರೀಕ್ಷೆಯ ಅವಧಿಗಿಂತ ಮರದ ಆಯುಷ್ಯ ಎಷ್ಟು ದೊಡ್ಡದೋ ಅಷ್ಟು ಎಚ್ಚರ ಬೇಕು. ಈ ಒಂದು ಅಳತೆಯನ್ನು ಹಿಡಿದು ಜಗತ್ತಿನಲ್ಲಿ ಈವರೆಗೆ ಆಗಿರುವುದನ್ನು ನೋಡಿದರೆ ನಿಮ್ಮ ಪ್ರಶ್ನೆ ಬಹುಮಟ್ಟಿಗೆ ಬಿಡಿಸಿಕೊಳ್ಳುತ್ತದೆ.

ನೀವು ಓದಿದ್ದು ಅಮೆರಿಕನ್ ಚೆಸ್ಟ್‌ನಟ್ ಮರದ ಸುದ್ದಿ. ಅಮೆರಿಕದ ಪೂರ್ವದಲ್ಲಿರುವ ಅಪಲಾಚಿಯನ್ ಬೆಟ್ಟಸಾಲಿನ ಕಾಡಿನಲ್ಲಿ ಒಂದು ಕಾಲಕ್ಕೆ ಅದೇ ಹಿರಿಯ ಮರ. ಕಾಯಿ ಮನುಷ್ಯರಿಗೂ ಸಾಕುಹಂದಿಗೂ ಕರಡಿಗೂ ಆಹಾರ. ಮರ ಮಳೆಗೆ ಬೇಗ ಕೊಳೆಯುವುದಿಲ್ಲವಾದ್ದರಿಂದ ಬೇಲಿಗೂ ಮನೆಗೂ ರೈಲು ಹಳಿಯ ಅಡಿಗೂ ಅದನ್ನೇ ಹಾಕುತ್ತಿದ್ದರು. 1904ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿದ್ದ ಮರಗಳಲ್ಲಿ ಒಂದು ಹೊಸ ರೋಗ ಕಾಣಿಸಿತು. ತೊಗಟೆಯ ಮೇಲೆ ಕಿತ್ತಳೆ ಬಣ್ಣದ ಚುಕ್ಕೆಗಳು, ಆಮೇಲೆ ಬಿರುಕುಬಿಟ್ಟ ಹುಣ್ಣು. ಏಷ್ಯಾದ ಚೆಸ್ಟ್‌ನಟ್ ಸಸಿಗಳ ಜೊತೆ ಹಡಗಿನಲ್ಲಿ ಬಂದ ಶಿಲೀಂಧ್ರ ಅದು. ಅಲ್ಲಿಯ ಮರಗಳಿಗೆ ಅದರ ಜೊತೆ ಬಾಳುವುದು ಗೊತ್ತಿತ್ತು, ಅಮೆರಿಕದ ಮರಕ್ಕೆ ಗೊತ್ತಿರಲಿಲ್ಲ. ಐವತ್ತು ವರ್ಷ ಕಳೆಯುವುದರೊಳಗೆ 300ರಿಂದ 400 ಕೋಟಿ ಮರಗಳು ಹೋದವು.

ಅಳಿದೇ ಹೋಯಿತು ಎಂದು ನೀವು ಬರೆದದ್ದು ಪೂರ್ತಿ ಸರಿಯಲ್ಲ. ಶಿಲೀಂಧ್ರ ಕಾಂಡವನ್ನು ಕೊಲ್ಲುತ್ತದೆ, ಬೇರಿಗೆ ಇಳಿಯುವುದಿಲ್ಲ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಅಲ್ಲಿ ತಡೆಯುತ್ತವೆ. ಹಳೆಯ ಬುಡಗಳಿಂದ ಇವತ್ತಿಗೂ ಚಿಗುರು ಏಳುತ್ತದೆ. ಕೆಲವು ವರ್ಷ ಬೆಳೆದು, ತೊಗಟೆ ಬಿರಿಯುವ ವಯಸ್ಸಿಗೆ ಬಂದಾಗ ಮತ್ತೆ ರೋಗ ಹಿಡಿದು ಸಾಯುತ್ತದೆ, ಹೆಚ್ಚಿನವು ಕಾಯಿ ಬಿಡುವ ಮೊದಲೇ. ಹೊಸ ಬೀಜ ಹುಟ್ಟದಿದ್ದರೆ ಹೊಸ ಪೀಳಿಗೆಯೂ ಇಲ್ಲ, ಸಹಜವಾಗಿ ರೋಗನಿರೋಧಕ ಶಕ್ತಿ ಬೆಳೆಯುವ ದಾರಿಯೂ ಮುಚ್ಚಿದೆ. ಈ ಮರಕ್ಕೆ ಮನುಷ್ಯ ಕೈಹಾಕದೆ ಬೇರೆ ಗತಿಯಿಲ್ಲ ಎನ್ನಲು ಕಾರಣ ಇದು.

ಮೊದಲು ಹಿಡಿದದ್ದು ಹಳೆಯ ದಾರಿಯನ್ನೇ: ರೋಗ ತಾಳುವ ಚೀನೀ ಚೆಸ್ಟ್‌ನಟ್ ಜೊತೆ ಸಂಕರ ಮಾಡಿ, ಬಂದದ್ದನ್ನು ಮತ್ತೆ ಮತ್ತೆ ಅಮೆರಿಕದ ಮರಕ್ಕೇ ಕೂಡಿಸುವುದು. 1983ರಲ್ಲಿ ಹುಟ್ಟಿದ ಅಮೆರಿಕನ್ ಚೆಸ್ಟ್‌ನಟ್ ಫೌಂಡೇಶನ್ ಇದನ್ನು ದಶಕಗಳ ಕಾಲ ಮಾಡಿತು. ರೋಗ ತಾಳುವ ಗುಣ ಎರಡು ಮೂರು ಜೀನ್‌ಗಳಲ್ಲಿದೆ ಎಂದು ಶುರುವಿನಲ್ಲಿ ನಂಬಿದ್ದರು. ಅದು ಹಲವಾರು ಜೀನ್‌ಗಳಲ್ಲಿ ಚದುರಿದೆ ಎಂದು ಆಮೇಲೆ ತಿಳಿಯಿತು. ಅಷ್ಟನ್ನೂ ಒಂದೇ ಮರದಲ್ಲಿ ಕೂಡಿಸಿಕೊಂಡು, ಮರ ಎತ್ತರಕ್ಕೂ ಬೆಳೆಯಬೇಕೆಂದರೆ ಸುಲಭವಲ್ಲ. ಚೀನೀ ಮರ ಕುಳ್ಳು, ಕವಲೊಡೆದು ಹರಡಿಕೊಳ್ಳುವಂಥದ್ದು.

ಇನ್ನೊಂದು ದಾರಿ ಹಿಡಿದವರು ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿರುವ ಅರಣ್ಯ ಕಾಲೇಜಿನ ವಿಲಿಯಂ ಪವೆಲ್ ಮತ್ತು ಚಾರ್ಲ್ಸ್ ಮೇನಾರ್ಡ್. ಅವರು ಕೇಳಿಕೊಂಡ ಪ್ರಶ್ನೆ ನನಗೆ ಬಹಳ ಇಷ್ಟ: ಶಿಲೀಂಧ್ರದ ಆಯುಧ ಯಾವುದು? ಉತ್ತರ ಆಕ್ಸಾಲಿಕ್ ಆಮ್ಲ. ಶಿಲೀಂಧ್ರ ಈ ಆಮ್ಲವನ್ನು ಸುರಿಸಿ ತೊಗಟೆಯ ಕೋಶಗಳನ್ನು ಸಾಯಿಸುತ್ತದೆ, ಸತ್ತ ಕೋಶಗಳನ್ನು ತಿಂದು ಮುಂದೆ ಹೋಗುತ್ತದೆ. ಹುಣ್ಣು ಕಾಂಡವನ್ನು ಸುತ್ತಿಕೊಂಡಾಗ ಮೇಲಿನ ಭಾಗಕ್ಕೆ ನೀರು ಹೋಗುವುದು ನಿಲ್ಲುತ್ತದೆ. ಗೋಧಿಯಲ್ಲಿ ಈ ಆಮ್ಲವನ್ನು ಒಡೆಯುವ ಒಂದು ಕಿಣ್ವ ಇದೆ, ಬಾರ್ಲಿಯಲ್ಲೂ ಬಾಳೆಯಲ್ಲೂ ಇದೆ. ಗೋಧಿಯಿಂದ ಆ ಜೀನನ್ನು ತೆಗೆದು ಚೆಸ್ಟ್‌ನಟ್‌ಗೆ ಸೇರಿಸಿದರು. ಶಿಲೀಂಧ್ರ ಸಾಯುವುದಿಲ್ಲ, ತೊಗಟೆಯ ಮೇಲೆ ಬದುಕಿರುತ್ತದೆ; ಆಯುಧ ಮಾತ್ರ ಕೆಲಸ ಮಾಡುವುದಿಲ್ಲ. ಕೊಲ್ಲುವ ಔಷಧಕ್ಕೆ ರೋಗಾಣು ಬೇಗ ಹೊಂದಿಕೊಂಡುಬಿಡುತ್ತದೆ ಎಂಬುದನ್ನು ತೋಟದವರಿಗೆ ಹೇಳಬೇಕಾಗಿಲ್ಲ. ಕೊಲ್ಲದೆ ತಡೆಯುವ ಈ ಉಪಾಯದಲ್ಲಿ ಆ ಒತ್ತಡ ಕಡಿಮೆ.

ಜೀನ್ ಬಂದಿದೆಯೋ ಇಲ್ಲವೋ ನೋಡಲು ಅವರಲ್ಲಿ ಒಂದು ಸರಳ ಪರೀಕ್ಷೆ ಇದೆ. ಸಸಿಯ ಎಲೆಯಿಂದ ಚಿಕ್ಕ ಬಿಲ್ಲೆ ಕತ್ತರಿಸಿ ಆಕ್ಸಾಲಿಕ್ ಆಮ್ಲವಿರುವ ಒಂದು ದ್ರಾವಣದಲ್ಲಿ ಹಾಕುತ್ತಾರೆ. ಕಿಣ್ವ ಇದ್ದರೆ ಬಿಲ್ಲೆ ಕಡುಬಣ್ಣಕ್ಕೆ ತಿರುಗುತ್ತದೆ, ಇಲ್ಲದಿದ್ದರೆ ಹಾಗೆಯೇ ಉಳಿಯುತ್ತದೆ. ಕುಲಾಂತರಿ ಮರದ ಪರಾಗವನ್ನು ಕಾಡಿನ ಚೆಸ್ಟ್‌ನಟ್‌ಗೆ ಮುಟ್ಟಿಸಿದಾಗ ಹುಟ್ಟುವ ಸಸಿಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಜೀನ್ ಬರುತ್ತದೆ. ಹಾಗೆ ಕಾಡಿನ ಬೇರೆ ಬೇರೆ ಊರುಗಳ ಮರಗಳ ಗುಣವೂ ಉಳಿಯುತ್ತದೆ, ಮೇಲೆ ಈ ಒಂದು ಜೀನೂ ಸೇರುತ್ತದೆ. ಬೇರೆ ಎಲ್ಲ ಕುಲಾಂತರಿ ಬೆಳೆಗಳಲ್ಲಿ ಜೀನ್ ಹೊರಗೆ ಹರಡದಿರಲಿ ಎಂದು ಎಚ್ಚರ ವಹಿಸುತ್ತಾರೆ. ಇಲ್ಲಿ ಜೀನ್ ಕಾಡಿಗೆ ಹರಡಬೇಕು ಎಂಬುದೇ ಉದ್ದೇಶ. ಅದಕ್ಕೇ ಈ ಮರಕ್ಕೆ ಅಷ್ಟು ಬೆಂಬಲವೂ ಬಂತು, ಅಷ್ಟೇ ಹೆದರಿಕೆಯೂ ಹುಟ್ಟಿತು.

ಡಾರ್ಲಿಂಗ್ 58 ಎಂದು ಹೆಸರಿಟ್ಟ ಈ ಮರವನ್ನು ನಿಯಂತ್ರಣದಿಂದ ಬಿಡುಗಡೆ ಮಾಡಿ ಎಂದು 2020ರಲ್ಲಿ ಅಮೆರಿಕದ ಕೃಷಿ ಇಲಾಖೆಗೆ ಅರ್ಜಿ ಹೋಯಿತು. ಆಮೇಲೆ ಆದದ್ದು ಪತ್ರಿಕೆಗಳ ಮೊದಲ ಸುದ್ದಿಯಷ್ಟು ದೂರ ತಲುಪಲಿಲ್ಲ. 2023ರ ಡಿಸೆಂಬರ್‌ನಲ್ಲಿ, ಪವೆಲ್ ತೀರಿಕೊಂಡ ಮರುತಿಂಗಳೇ, ಚೆಸ್ಟ್‌ನಟ್ ಫೌಂಡೇಶನ್ ತನ್ನ ಬೆಂಬಲವನ್ನು ಹಿಂದಕ್ಕೆ ಪಡೆಯಿತು. ವರ್ಷಗಳಿಂದ 58 ಎಂದು ಹಂಚಿದ್ದ, ನೆಟ್ಟು ಅಳೆಯುತ್ತಿದ್ದ ಮರಗಳು ನಿಜವಾಗಿ ಡಾರ್ಲಿಂಗ್ 54 ಎಂಬ ಬೇರೆ ಕುಲಾಂತರಿ ವಂಶದವು ಎಂದು ಗೊತ್ತಾಗಿತ್ತು. ಎಂದೋ ಒಮ್ಮೆ ಪ್ರಯೋಗಾಲಯದಲ್ಲಿ ಪರಾಗ ಅದಲುಬದಲಾಗಿತ್ತು. 54ರಲ್ಲಿ ಗೋಧಿಯ ಜೀನ್ ಹೋಗಿ ಕೂತದ್ದು ಚೆಸ್ಟ್‌ನಟ್‌ನದೇ ಇನ್ನೊಂದು ಜೀನ್‌ನ ನಡುವೆ. ಆ ಜೀನ್ ಕೆಟ್ಟಿತು. ಹೊಲದಲ್ಲಿ ಈ ಮರಗಳ ಬೆಳವಣಿಗೆ ಕುಂಠಿತವಾಗಿತ್ತು, ರೋಗ ತಾಳುವ ಶಕ್ತಿ ಮರದಿಂದ ಮರಕ್ಕೆ ಬೇರೆಬೇರೆಯಾಗಿತ್ತು ಎಂದು ಫೌಂಡೇಶನ್ ಹೇಳಿತು. ಕಾಲೇಜು ಅದನ್ನು ಒಪ್ಪದೆ ತನ್ನ ಅರ್ಜಿಯನ್ನು ಮುಂದುವರಿಸಿತು.

ಇದರಲ್ಲಿ ತೋಟದವರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಈ ಮರಗಳಲ್ಲಿ ಸೇರಿಸಿದ ಜೀನ್ ಎಲೆ, ಬೇರು, ತೊಗಟೆ ಎನ್ನದೆ ಎಲ್ಲೆಡೆ, ವರ್ಷಪೂರ್ತಿ ಚಾಲೂ ಇರುತ್ತದೆ. ಮಳೆಗಾಲದಲ್ಲೂ ತೋಟದ ಪಂಪು ನಿಲ್ಲಿಸದೆ ಓಡಿಸಿದರೆ ಕರೆಂಟು ಖರ್ಚಾಗುವ ಹಾಗೆ, ರೋಗ ಇಲ್ಲದಾಗಲೂ ಕಿಣ್ವ ತಯಾರಿಸುವುದಕ್ಕೆ ಮರದ ಶಕ್ತಿ ವ್ಯಯವಾಗುತ್ತದೆ ಎಂಬ ಅನುಮಾನ ಇದೆ. ಅದಕ್ಕಾಗಿ ತೊಗಟೆಗೆ ಗಾಯವಾದಾಗ ಮಾತ್ರ ಚಾಲೂ ಆಗುವಂಥ ಹೊಸ ವಂಶಗಳನ್ನೂ ಮಾಡಿದ್ದಾರೆ. ಅವುಗಳ ಗುಣ ತಿಳಿಯಲು ಮತ್ತೆ ನೆಡಬೇಕು, ಮತ್ತೆ ಕಾಯಬೇಕು.

ಈ ಗೋಜಲನ್ನು ನೋಡಿ ತಂತ್ರಜ್ಞಾನವೇ ಸುಳ್ಳು ಎಂದವರಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಗೋಧಿಯ ಜೀನ್ ಆಮ್ಲವನ್ನು ಒಡೆಯುತ್ತದೆ ಎಂಬುದರಲ್ಲಿ ಸಂದೇಹವಿಲ್ಲ. ನನ್ನನ್ನು ಕಾಡುವುದು ಬೇರೆ. ಅದಲುಬದಲಾದದ್ದು ಗೊತ್ತಾದದ್ದು ಮರಗಳನ್ನು ಹಲವು ರಾಜ್ಯಗಳಲ್ಲಿ ನೆಟ್ಟು, ವರ್ಷಾನುಗಟ್ಟಲೆ ಅಳೆದು, ಜೊತೆಗಾರ ಸಂಶೋಧಕರು ಪ್ರತ್ಯೇಕವಾಗಿ ಪರೀಕ್ಷಿಸಿದ್ದರಿಂದ. ಅನುಮತಿ ಎರಡು ಮೂರು ವರ್ಷ ಮೊದಲೇ ಸಿಕ್ಕಿದ್ದರೆ ಆ ಮರಗಳೇ ಸಾವಿರಗಟ್ಟಲೆ ಕಾಡಿಗೆ ಹೋಗುತ್ತಿದ್ದವು. ಅಷ್ಟು ಒಳ್ಳೆಯ ಉದ್ದೇಶ, ಲಾಭದ ಆಸೆಯಿಲ್ಲದ ಸಂಸ್ಥೆ, ಬದುಕನ್ನೇ ಕೊಟ್ಟ ವಿಜ್ಞಾನಿಗಳು ಇದ್ದ ಕಡೆಯೂ ಹೀಗಾಯಿತು. ಕಾಯುವುದನ್ನು ಅಡ್ಡಿ ಎಂದು ನೋಡುವವರಿಗೆ ನಾನು ಈ ಪ್ರಕರಣವನ್ನೇ ತೋರಿಸುತ್ತೇನೆ.

ಈಗ ಗೆದ್ದ ಉದಾಹರಣೆ. ಹವಾಯಿ ದ್ವೀಪದ ಪುನಾ ಎಂಬ ಪ್ರದೇಶದಲ್ಲಿ ಆ ರಾಜ್ಯದ ಹೆಚ್ಚುಕಡಿಮೆ ಎಲ್ಲ ಪಪ್ಪಾಯಿಯೂ ಬೆಳೆಯುತ್ತಿತ್ತು. 1992ರಲ್ಲಿ ಅಲ್ಲಿಗೆ ಉಂಗುರ ಚುಕ್ಕೆ ವೈರಸ್ ಬಂತು. ನಮ್ಮ ಪಪ್ಪಾಯಿ ಬೆಳೆಗಾರರಿಗೂ ಈ ರೋಗ ಚೆನ್ನಾಗಿ ಗೊತ್ತು: ಎಲೆ ಸೊರಗಿ ದಾರದಂತಾಗುತ್ತದೆ, ಕಾಯಿಯ ಮೇಲೆ ಉಂಗುರಗಳು ಮೂಡುತ್ತವೆ, ಗಿಡಹೇನು ವೈರಸ್ಸನ್ನು ಒಂದು ಗಿಡದಿಂದ ಇನ್ನೊಂದಕ್ಕೆ ಹೊತ್ತೊಯ್ಯುತ್ತದೆ. ಆರು ವರ್ಷದಲ್ಲಿ ಪುನಾದ ಫಸಲು ಅರ್ಧಕ್ಕೆ ಬಂತು. ಹವಾಯಿಯಲ್ಲೇ ಹುಟ್ಟಿ ಬೆಳೆದ, ಕಾರ್ನೆಲ್ ವಿಶ್ವವಿದ್ಯಾಲಯದ ಡೆನಿಸ್ ಗೊನ್ಸಾಲ್ವೆಸ್ ಮತ್ತು ಅವರ ಜೊತೆಗಾರರು ವೈರಸ್‌ನ ಹೊರಕವಚದ ಒಂದು ಜೀನನ್ನೇ ಪಪ್ಪಾಯಿಗೆ ಸೇರಿಸಿದ್ದರು. ಗಿಡ ಆ ಜೀನನ್ನು ಗುರುತಿಟ್ಟುಕೊಂಡು, ನಿಜವಾದ ವೈರಸ್ ಒಳಗೆ ಬಂದಾಗ ಅದರ ಆರ್‌ಎನ್‌ಎಯನ್ನು (ವೈರಸ್‌ನ ಜೀನ್‌ಗಳಿರುವ ಎಳೆಯನ್ನು) ತುಂಡರಿಸುತ್ತದೆ. 1998ರಲ್ಲಿ ‘ಸನ್‌ಅಪ್’, ‘ರೇನ್‌ಬೋ’ ಎಂಬ ತಳಿಗಳ ಬೀಜವನ್ನು ರೈತರಿಗೆ ಉಚಿತವಾಗಿಯೇ ಹಂಚಿದರು. ಅಲ್ಲಿಯ ಪಪ್ಪಾಯಿ ಬೆಳೆ ಉಳಿಯಿತು. ವೈರಸ್ ಬಂದ ತೋಟದ ನಡುವೆ ಹಳೆಯ ತಳಿ ಬೋಳಾಗಿ, ಹೊಸದು ಹಸಿರಾಗಿ ನಿಂತ ಮೇಲಿನಿಂದ ತೆಗೆದ ಫೋಟೋ ನೋಡಿದವರಿಗೆ ಬೇರೆ ವಾದ ಬೇಕಿರಲಿಲ್ಲ.

ಇಷ್ಟು ಚೆನ್ನಾಗಿ ಆದದ್ದಕ್ಕೆ ಕಾರಣಗಳೂ ಇವೆ. ಪಪ್ಪಾಯಿ ಮರದಂತೆ ಕಂಡರೂ ಮೂರು ನಾಲ್ಕು ವರ್ಷಕ್ಕೆ ಕಿತ್ತು ಬೇರೆ ನೆಡುವ ಗಿಡ, ತಪ್ಪಿದ್ದರೆ ಬೇಗ ತಿಳಿಯುತ್ತದೆ, ಬೇಗ ತಿದ್ದಬಹುದು. ಹವಾಯಿಯಲ್ಲಿ ಅದಕ್ಕೆ ಕಾಡು ಬಂಧುಗಳಿಲ್ಲ. ಶತ್ರು ಒಂದೇ ವೈರಸ್. ಹಾಗಿದ್ದೂ ತೊಡಕುಗಳು ಬಂದವು. ಸಾವಯವ ಬೆಳೆಗಾರರ ತೋಟಕ್ಕೆ ಪರಾಗ ಹೋಯಿತು, ಹಣ್ಣು ಮಾರುವುದು ಕಷ್ಟವಾಯಿತು. ದೊಡ್ಡ ಗಿರಾಕಿಯಾಗಿದ್ದ ಜಪಾನ್ ಈ ಹಣ್ಣಿಗೆ ಬಾಗಿಲು ತೆರೆದದ್ದು 2011ರಲ್ಲಿ. ಥಾಯ್ಲೆಂಡ್‌ನಲ್ಲಿ ಇನ್ನೂ ಪ್ರಯೋಗದಲ್ಲಿದ್ದ ಕುಲಾಂತರಿ ಪಪ್ಪಾಯಿ 2004ರಲ್ಲಿ ರೈತರ ತೋಟಗಳಲ್ಲೇ ಸಿಕ್ಕಿತು. ಬೀಜ ಯಾವಾಗ ಹೊರಬಿತ್ತೋ ಯಾರೂ ನೋಡಿರಲಿಲ್ಲ. ಹವಾಯಿಯ ತಳಿಯನ್ನು ತಂದು ಇಲ್ಲಿ ನೆಟ್ಟರೆ ಆಯಿತಲ್ಲ ಎಂದರೆ ಅದೂ ಆಗದು. ಈ ರಕ್ಷಣೆ ಆಯಾ ಊರಿನ ವೈರಸ್‌ಗೆ ಹೊಂದಿಕೊಂಡದ್ದು, ಬೇರೆ ದೇಶದ ವೈರಸ್ ಸ್ವಲ್ಪ ಬೇರೆಯಾಗಿದ್ದರೂ ಅದು ಸೋಲುತ್ತದೆ.

ಚೀನಾದಲ್ಲಿ ಕೀಟ ತಡೆಯುವ ಬಿಟಿ ಪಾಪ್ಲರ್ ಮರಕ್ಕೆ 2002ರಲ್ಲಿ ಅನುಮತಿ ಕೊಟ್ಟು ಲಕ್ಷಗಟ್ಟಲೆ ನೆಟ್ಟರು. ಎಲೆ ತಿನ್ನುವ ಹುಳು ಕಡಿಮೆಯಾಯಿತು, ಔಷಧ ಹೊಡೆಯುವುದು ತಗ್ಗಿತು. ಇದು ನಿಜವಾದ ಲಾಭ. ಆದರೆ ಬಿಟಿ ಹತ್ತಿ ಬೆಳೆದ ನಮ್ಮ ಉತ್ತರ ಕರ್ನಾಟಕದವರಿಗೆ ಮುಂದಿನದ್ದು ಗೊತ್ತು. 2002ರಲ್ಲಿ ಬಂದ ಬಿಟಿ ಹತ್ತಿಯ ಮೊದಲ ಜೀನ್‌ಗೆ ಗುಲಾಬಿ ಕಾಯಿಕೊರಕ ಎಂಟು ವರ್ಷದೊಳಗೆ ಹೊಂದಿಕೊಂಡಿತು, ಎರಡನೆಯ ಜೀನ್ ಸೇರಿಸಿದ ಹತ್ತಿಗೂ ಆಮೇಲೆ ಹೊಂದಿಕೊಂಡಿತು. ಹತ್ತಿ ಆರು ತಿಂಗಳ ಬೆಳೆ. ಇಪ್ಪತ್ತು ಮೂವತ್ತು ವರ್ಷ ನಿಲ್ಲುವ ಮರದ ಮೇಲೆ ಹುಳುವಿನ ಎಷ್ಟು ಪೀಳಿಗೆಗಳು ಹಾದುಹೋಗುತ್ತವೆ, ಲೆಕ್ಕ ಹಾಕಿ. ಪಾಪ್ಲರ್‌ನ ಬೀಜ ಹತ್ತಿಯ ಎಳೆಯ ಹಾಗೆ ಗಾಳಿಯಲ್ಲಿ ತೇಲುತ್ತದೆ, ಪರಾಗವೂ ಗಾಳಿಯಲ್ಲೇ ಹೋಗುತ್ತದೆ, ಅಲ್ಲೆಲ್ಲ ಅದರ ಬಂಧುಮರಗಳಿವೆ. ಪೈನ್ ಮರದ ಪರಾಗ 41 ಕಿಲೋಮೀಟರ್ ದೂರ ಹೋದ ಮೇಲೂ ಮೊಳೆಯುತ್ತದೆ ಎಂದು 2010ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ. ಬೇಲಿ ಹಾಕಿ ತಡೆಯುವ ಮಾತೇ ಅಲ್ಲ ಇದು. ಹೂವನ್ನೇ ಬಿಡದ ಮರ ಮಾಡಿದರೆ ಈ ತೊಂದರೆ ತಪ್ಪುತ್ತದೆ ಎಂದು ಅಮೆರಿಕದ ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಸ್ಟೀವನ್ ಸ್ಟ್ರಾಸ್ ತಂಡ ಪಾಪ್ಲರ್‌ನಲ್ಲೂ ನೀಲಗಿರಿಯಲ್ಲೂ ಕೆಲಸ ಮಾಡಿದೆ. ನೆಡುತೋಪಿನ ಮರಕ್ಕೆ ಅದು ಒಪ್ಪುವ ಉಪಾಯ. ಆದರೂ ಹೂವಿಲ್ಲದ ತೋಪಿನಲ್ಲಿ ಜೇನಿಗೆ ಏನೂ ಸಿಗುವುದಿಲ್ಲ ಎಂಬುದನ್ನು ಮರೆಯಬಾರದು.

ನೀಲಗಿರಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ‘ಬೇಗ ಬೆಳೆಯುವ ಮರ’ ಎಂದು ನಿಮ್ಮ ಊರಿನಲ್ಲಿ ಆಡುತ್ತಿರುವ ಮಾತಿನ ಮೂಲ ಅಲ್ಲಿದೆ. 2015ರ ಏಪ್ರಿಲ್‌ನಲ್ಲಿ ಬ್ರೆಜಿಲ್ ಸರ್ಕಾರ ಫ್ಯೂಚರಾಜೀನ್ ಎಂಬ ಕಂಪನಿಯ ಕುಲಾಂತರಿ ನೀಲಗಿರಿಗೆ ಅನುಮತಿ ಕೊಟ್ಟಿತು. ಇದು ಅಲ್ಲಿಯ ದೊಡ್ಡ ಕಾಗದ ತಯಾರಕ ಸುಜಾನೊದ ಸಂಸ್ಥೆ. ಮರ 20 ಶೇಕಡ ಹೆಚ್ಚು ಸೌದೆ ಕೊಡುತ್ತದೆ, ಏಳು ವರ್ಷಕ್ಕೆ ಕಡಿಯುವುದನ್ನು ಐದೂವರೆ ವರ್ಷಕ್ಕೇ ಕಡಿಯಬಹುದು ಎಂಬುದು ಕಂಪನಿಯ ಮಾತು. ಅನುಮತಿಗೆ ಒಂದು ತಿಂಗಳ ಮೊದಲು ಭೂರಹಿತರ ಚಳವಳಿಯ ಸುಮಾರು ಸಾವಿರ ಹೆಣ್ಣುಮಕ್ಕಳು ಕಂಪನಿಯ ನರ್ಸರಿಗೆ ನುಗ್ಗಿ ಸಸಿಗಳನ್ನು ಕಿತ್ತುಹಾಕಿದ್ದರು. ಜೇನು ಸಾಕುವವರೂ ಎದುರಾಗಿದ್ದರು. ಜೇನುತುಪ್ಪದಲ್ಲಿ ಕುಲಾಂತರಿ ಪರಾಗ ಸಿಕ್ಕರೆ ಹೊರದೇಶದ ಮಾರುಕಟ್ಟೆ ಹೋಗುತ್ತದೆ ಎಂಬ ಭಯ ಅವರದ್ದು. ಆಮೇಲೆ 2021ರಲ್ಲಿ ಗ್ಲೈಫೋಸೇಟ್ ಕಳೆನಾಶಕ ತಡೆದುಕೊಳ್ಳುವ ನೀಲಗಿರಿಗೂ ಅಲ್ಲಿ ಅನುಮತಿ ಸಿಕ್ಕಿತು. ಅರಣ್ಯ ಉತ್ಪನ್ನಗಳಿಗೆ ಅಂತರರಾಷ್ಟ್ರೀಯ ಪ್ರಮಾಣಪತ್ರ ಕೊಡುವ ಎಫ್‌ಎಸ್‌ಸಿ ಸಂಸ್ಥೆ ಮಾತ್ರ ಕುಲಾಂತರಿ ಮರವನ್ನು ಇವತ್ತಿಗೂ ತನ್ನ ವ್ಯವಸ್ಥೆಯೊಳಗೆ ಬಿಟ್ಟಿಲ್ಲ.

ನಮ್ಮಲ್ಲಿ ಈ ಜಗಳ ಜೀನ್ ಬರುವ ಮೊದಲೇ ನಡೆದಿದೆ. ಕೋಲಾರ, ತುಮಕೂರು ಕಡೆ ರಾಗಿ ಬೆಳೆಯುವ ಹೊಲಗಳಿಗೆ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ನೀಲಗಿರಿ ಹೊಕ್ಕಾಗ 1983ರಲ್ಲಿ ರೈತರು ನರ್ಸರಿಯ ಸಸಿ ಕಿತ್ತರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಯಿತು: ಕಾರ್ಖಾನೆಗೆಂದು ಊರಿನ ಗೋಮಾಳದಲ್ಲಿ ಹಾಕಿದ್ದ ನೀಲಗಿರಿ ಕಿತ್ತು, ಊರಿಗೆ ಬೇಕಾದ ಗಿಡ ಹಚ್ಚಿದರು. ಕೊನೆಗೆ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು. ಯಾರ ನೆಲ, ಯಾರ ನೀರು, ಸೌದೆ ಯಾರಿಗೆ ಎಂಬ ಈ ಪ್ರಶ್ನೆಗಳಿಗೆ ಪ್ರಯೋಗಾಲಯದಲ್ಲಿ ಉತ್ತರವಿಲ್ಲ. ಬೇಗ ಬೆಳೆಯುವ ಮರ ಬೇಗ ನೀರನ್ನೂ ಕುಡಿಯುತ್ತದೆ, ಬೇಗ ಬೇಗ ಕಡಿದಷ್ಟೂ ಮಣ್ಣಿನ ಸತ್ವ ಲಾರಿ ಹತ್ತಿ ಹೋಗುತ್ತದೆ. ಇಂಥ ಮರಕ್ಕೆ ಜೀನ್ ಸೇರಿಸಿ ಇನ್ನಷ್ಟು ವೇಗ ಕೊಡುವುದರಲ್ಲಿ ಕಾರ್ಖಾನೆಗೆ ಲಾಭ ಕಾಣುತ್ತದೆ, ಪಕ್ಕದ ಹೊಲದವನಿಗೆ ಕಾಣುವುದಿಲ್ಲ. ನಾನು ಇದನ್ನು ಬೆಂಬಲಿಸುವುದಿಲ್ಲ.

ಇಂಗಾಲದ ಮಾತು ಬಂದದ್ದು ಅಮೆರಿಕದ ಲಿವಿಂಗ್ ಕಾರ್ಬನ್ ಎಂಬ ಕಂಪನಿಯಿಂದ ಇರಬೇಕು. ದ್ಯುತಿಸಂಶ್ಲೇಷಣೆಯಲ್ಲಿ ಗಿಡ ಪೋಲು ಮಾಡುವ ಶಕ್ತಿಯನ್ನು ಉಳಿಸುವಂತೆ ಪಾಪ್ಲರ್ ಮರವನ್ನು ಬದಲಿಸಿ, 2023ರ ಫೆಬ್ರುವರಿಯಲ್ಲಿ ಜಾರ್ಜಿಯಾ ರಾಜ್ಯದಲ್ಲಿ ನೆಟ್ಟರು. ಹಸಿರುಮನೆಯಲ್ಲಿ ಕೆಲವು ತಿಂಗಳು ಬೆಳೆಸಿದ ಗಿಡಗಳಲ್ಲಿ ಅತ್ಯುತ್ತಮವಾದವು 53 ಶೇಕಡ ಹೆಚ್ಚು ಬೆಳೆದಿದ್ದವು. ಕುಂಡದ ಗಿಡದ ಲೆಕ್ಕವನ್ನು ಕಾಡಿನ ಮರಕ್ಕೆ ಹಚ್ಚಲಾಗದು. ಬಯಲಿನಲ್ಲಿ ನೆರಳಿದೆ, ಬರ ಇದೆ, ಗೊಬ್ಬರದ ಕೊರತೆ ಇದೆ. ಹೀರಿಕೊಂಡ ಇಂಗಾಲ ಎಷ್ಟು ವರ್ಷ ಮರದಲ್ಲಿ ಉಳಿಯಿತು, ಮರ ಕಡಿದ ಮೇಲೆ ಎಲ್ಲಿಗೆ ಹೋಯಿತು ಎಂಬುದರ ಮೇಲೆ ಲೆಕ್ಕ ನಿಲ್ಲುತ್ತದೆ. ಸೌದೆ ಮಾಡಿ ಉರಿಸಿದರೆ ಅದು ಮತ್ತೆ ಗಾಳಿಗೇ. ನಿಮ್ಮ ಗುಡ್ಡದಲ್ಲಿ ದುಡ್ಡು ಬರುತ್ತದೆ ಎಂದು ಯಾರಾದರೂ ಕರಾರು ಪತ್ರ ತಂದರೆ ಸಹಿ ಹಾಕಬೇಡಿ. ಮಾವು, ಹಲಸು, ಹೆಬ್ಬಲಸು, ಕಿರಾಲಬೋಗಿ ಇರುವ ಗುಡ್ಡ ಈಗಲೇ ಇಂಗಾಲ ಹಿಡಿದಿಟ್ಟಿದೆ, ನಿಮ್ಮ ತೋಟಕ್ಕೆ ಸೊಪ್ಪೂ ನೀರೂ ಕೊಡುತ್ತಿದೆ.

ನಮ್ಮ ದೇಶದ್ದೇ ಒಂದು ಪ್ರಯೋಗವನ್ನು ಹೇಳದಿದ್ದರೆ ತಪ್ಪಾಗುತ್ತದೆ, ಏಕೆಂದರೆ ನಿಮ್ಮ ಸುತ್ತಮುತ್ತಲೂ ರಬ್ಬರ್ ತೋಟಗಳಿವೆ. ಕೋಟ್ಟಯಂನ ರಬ್ಬರ್ ಸಂಶೋಧನಾ ಸಂಸ್ಥೆ ಚಳಿ ಮತ್ತು ಬರ ತಡೆಯಲೆಂದು ಒಂದು ಕುಲಾಂತರಿ ರಬ್ಬರ್ ಮಾಡಿದೆ. ಸೇರಿಸಿದ ಜೀನ್ ರಬ್ಬರ್ ಮರದ್ದೇ, ಅದರ ಪ್ರತಿಯನ್ನು ಹೆಚ್ಚಿಸಿದ್ದಾರೆ. ಕೇರಳ ಸರ್ಕಾರ ತನ್ನ ನೆಲದಲ್ಲಿ ಪ್ರಯೋಗಕ್ಕೆ ಒಪ್ಪಲಿಲ್ಲ. 2021ರ ಜೂನ್‌ನಲ್ಲಿ ಗುವಾಹಟಿ ಹತ್ತಿರ ನೆಟ್ಟರು. ರಬ್ಬರ್ ಬ್ರೆಜಿಲ್ ಮೂಲದ ಮರ, ನಮ್ಮ ದೇಶದಲ್ಲಿ ಅದರ ಜೊತೆ ಕೂಡುವ ಕಾಡುಮರ ಇಲ್ಲ, ಯಾರೂ ಅದನ್ನು ತಿನ್ನುವುದಿಲ್ಲ. ಪ್ರಯೋಗ ನಡೆಸುತ್ತಿರುವುದು ಸರ್ಕಾರಿ ಸಂಸ್ಥೆ. ಹಾಗಾಗಿ ಪರೀಕ್ಷಿಸಿ ನೋಡಲು ಯೋಗ್ಯವಾದದ್ದು ಎಂದೇ ನನ್ನ ಅಭಿಪ್ರಾಯ. ಆದರೆ ರಬ್ಬರ್ ಟ್ಯಾಪಿಂಗ್‌ಗೆ ಬರಲು ಆರೇಳು ವರ್ಷ ಬೇಕು, ಹಾಲಿನ ಇಳುವರಿ ತಿಳಿಯಲು ಇನ್ನಷ್ಟು ವರ್ಷ ಬೇಕು. ಅಲ್ಲಿಯವರೆಗೆ ಯಾರೂ ಅದನ್ನು ಹೊಗಳಲೂ ಬಾರದು, ತೆಗಳಲೂ ಬಾರದು.

ಈಗ ನಿಮ್ಮ ಅಡಿಕೆ. ಚೆಸ್ಟ್‌ನಟ್‌ಗೆ ಮಾಡಿದ್ದನ್ನು ಅಡಿಕೆಗೆ ಮಾಡಬಾರದೇಕೆ ಎಂದಿರಿ. ಮಾಡಬಾರದೆಂದಲ್ಲ, ಮಾಡಲು ಏನು ಬೇಕೋ ಅದು ಕೈಯಲ್ಲಿಲ್ಲ. ಹಳದಿ ಎಲೆ ರೋಗಕ್ಕೆ ಕಾರಣ ಫೈಟೋಪ್ಲಾಸ್ಮಾ ಎಂಬ, ಕೋಶಭಿತ್ತಿಯಿಲ್ಲದ ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿ. ಅದು ಮರದ ಆಹಾರ ಸಾಗಿಸುವ ನಾಳಗಳೊಳಗೆ ಇರುತ್ತದೆ, ಒಂದು ಜಿಗಿಹುಳು ಅದನ್ನು ಮರದಿಂದ ಮರಕ್ಕೆ ಒಯ್ಯುತ್ತದೆ. ಚೆಸ್ಟ್‌ನಟ್‌ನಲ್ಲಿ ಶತ್ರುವಿನ ಆಯುಧ ಒಂದೇ, ಅದು ಗೊತ್ತಿತ್ತು. ಇಲ್ಲಿ ಹಾಗೆ ಬೆರಳಿಟ್ಟು ತೋರಿಸಿ ಒಂದು ಜೀನ್‌ನಿಂದ ಮುರಿಯಬಹುದಾದ ಆಯುಧ ಸಿಕ್ಕಿಲ್ಲ. ಒಂದು ವೇಳೆ ಸಿಕ್ಕಿತು ಎನ್ನೋಣ. ಜೀನ್ ಸೇರಿಸಿದ ಅಡಿಕೆ ಸಸಿ ಹಿಂಗಾರ ಬಿಡಲು ಐದಾರು ವರ್ಷ, ರೋಗ ಇರುವ ತೋಟದಲ್ಲಿ ಅದು ತಾಳುತ್ತದೋ ಇಲ್ಲವೋ ತಿಳಿಯಲು ಮತ್ತೆ ಅಷ್ಟೇ ವರ್ಷ. ಅಡಿಕೆಯಲ್ಲಿ ಒಂದು ಮರದ ಪರಾಗ ಇನ್ನೊಂದಕ್ಕೆ ಹೋಗಿಯೇ ಕಾಯಿ ಕಟ್ಟುವುದು ಹೆಚ್ಚು. ಸುಳ್ಯ, ಪುತ್ತೂರಿನಲ್ಲಿ ಒಬ್ಬರ ತೋಟ ಮುಗಿಯುವಲ್ಲಿ ಇನ್ನೊಬ್ಬರ ತೋಟ ಶುರು. ನಿಮ್ಮ ಮರದ ಜೀನ್ ನೆರೆಯವರ ಗೊನೆಗೆ ಹೋಗುವುದನ್ನು ತಡೆಯಲಾಗದು, ಆದ್ದರಿಂದ ಇದು ನೀವೊಬ್ಬರೇ ನಿರ್ಧರಿಸುವ ವಿಷಯವೂ ಆಗುವುದಿಲ್ಲ. ಹೊರಗಿನ ಜೀನ್ ಸೇರಿಸದೆ ಇದ್ದ ಜೀನನ್ನೇ ತಿದ್ದುವ ಕ್ರಿಸ್ಪರ್ ವಿಧಾನದ ಕೆಲವು ಬಗೆಗಳಿಗೆ 2022ರಲ್ಲಿ ಕೇಂದ್ರ ಸರ್ಕಾರ ನಿಯಮ ಸಡಿಲಿಸಿದೆ. ಆ ದಾರಿಯಲ್ಲೂ ಮೊದಲು ಯಾವ ಜೀನ್ ತಿದ್ದಬೇಕೆಂದು ಗೊತ್ತಾಗಬೇಕು.

ಅದು ಗೊತ್ತಾಗುವ ದಾರಿ ಇರುವುದು ರೋಗ ಬಂದ ತೋಟಗಳಲ್ಲೇ. ಸಂಪಾಜೆ, ಅರಂತೋಡು, ತೊಡಿಕಾನ ಕಡೆ ಸುತ್ತ ಎಲ್ಲ ಮರ ಹಳದಿಯಾಗಿ ಬೋಳಾದರೂ ನಡುವೆ ಅಲ್ಲೊಂದು ಇಲ್ಲೊಂದು ಮರ ಹಸಿರಾಗಿ ಗೊನೆ ಬಿಡುತ್ತಿರುತ್ತದೆ. ವಿಟ್ಲದಲ್ಲಿರುವ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೇಂದ್ರದ ವಿಜ್ಞಾನಿಗಳು ಇಂಥ ಮರಗಳನ್ನು ಆರಿಸಿ, ಪರೀಕ್ಷಿಸಿ, ಹಿಂಗಾರದ ಎಳೆಯ ಭಾಗದಿಂದ ಟಿಶ್ಯೂ ಕಲ್ಚರ್ ಮಾಡುವ ಕೆಲಸದಲ್ಲಿದ್ದಾರೆ. ನನ್ನ ಭರವಸೆ ಇರುವುದು ಈ ಕೆಲಸದ ಮೇಲೆ. ಇದಕ್ಕೆ ದುಡ್ಡು, ಜನ, ಸಮಯ ಎಲ್ಲವೂ ಈಗ ಸಿಗುತ್ತಿರುವುದಕ್ಕಿಂತ ಹೆಚ್ಚು ಸಿಗಬೇಕು ಎಂದು ನಾವೆಲ್ಲ ಒತ್ತಾಯಿಸಬೇಕು.

ನೀವು ಮಾಡಬಹುದಾದದ್ದು ಇಷ್ಟು. ಮೊದಲು ನಿಮ್ಮ ತೋಟದ ಬಸಿಗಾಲುವೆ ನೋಡಿಕೊಳ್ಳಿ, ಮಣ್ಣು ಪರೀಕ್ಷೆ ಮಾಡಿಸಿ. ನೀರು ನಿಂತರೂ ಪೋಷಕಾಂಶ ಕಡಿಮೆಯಾದರೂ ಎಲೆ ಹಳದಿಯಾಗುತ್ತದೆ, ಅದೂ ಇದೂ ಬೆರೆತಿದ್ದರೆ ಯಾವ ಮರ ರೋಗ ತಾಳುತ್ತಿದೆ ಎಂದು ತಿಳಿಯುವುದಿಲ್ಲ. ಆಮೇಲೆ ರೋಗ ಬಂದ ಮರಗಳ ನಡುವೆ ಹಸಿರಾಗಿ ಉಳಿದ ಮರಗಳಿಗೆ ಬಣ್ಣದಿಂದ ಗುರುತು ಹಾಕಿ, ಒಂದೊಂದಕ್ಕೂ ನಂಬರು ಕೊಟ್ಟು, ಪ್ರತಿ ವರ್ಷ ಎಷ್ಟು ಗೊನೆ, ಎಲೆಯ ಸ್ಥಿತಿ ಹೇಗೆ ಎಂದು ಬರೆದಿಡಿ. ಆ ಮರದ ಬೀಜ ಹಾಕಿ ಸಸಿ ಮಾಡಿದರೆ ಸಾಕು ಎಂದುಕೊಳ್ಳಬೇಡಿ, ಪರಾಗ ಪಕ್ಕದ ರೋಗದ ಮರದಿಂದ ಬಂದಿರುತ್ತದೆ, ಸಸಿಗಳೆಲ್ಲ ತಾಯಿಯಂತೆ ಇರುವುದಿಲ್ಲ. ಮೂರು ನಾಲ್ಕು ವರ್ಷ ಸತತವಾಗಿ ಹಸಿರಾಗಿಯೇ ಉಳಿದ ಮರ ಇದ್ದರೆ ಆ ಲೆಕ್ಕದ ಪುಸ್ತಕ ತೆಗೆದುಕೊಂಡು ವಿಟ್ಲಕ್ಕೆ ಹೋಗಿ ತೋರಿಸಿ. ತೋಟ ಕಡಿದು ರಬ್ಬರ್ ಹಾಕುವ ಯೋಚನೆ ಇದ್ದರೂ ಆ ಮರಗಳನ್ನು ಮಾತ್ರ ಕಡಿಯಬೇಡಿ.